ನಿಮಗಿದು ಗೊತ್ತೇ? ಕೈಯಲ್ಲಿ ನೌಕರಿ, ಬಗಲಲ್ಲಿ ಸ್ವಂತ ದಂಧೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ಹುಡುಗ ಬೆಂಗಳೂರಲ್ಲಿ ನೌಕರಿ ಹಿಡಿದರೆ ಮನೆಯವರಿಗೆ ನಿರಾಳ. ಅದೇ ಹುಡುಗ "ನೌಕರಿ ಬಿಟ್ಟು ಸ್ಟಾರ್ಟ್‌ಅಪ್ ಮಾಡ್ತೀನಿ" ಅಂದರೆ ಮನೆಯಲ್ಲಿ ಅವತ್ತು ಯಾರಿಗೂ ನಿದ್ದೆ ಇಲ್ಲ. ಬಿಡದೆಯೇ ಮಾಡಿದವರ ಕಥೆಗಳೂ, ಬಿಡದೆ ಮಾಡುವವರು ತಿಳಿದಿರಬೇಕಾದ ಕಟ್ಟಳೆಗಳೂ ಇಲ್ಲಿವೆ.

● ಹರಪನಹಳ್ಳಿಗೆ ಹತ್ತಿರದ ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಶುರುವಾಯಿತು. ಅದರ ಲೇತ್ ಯಂತ್ರಗಳು ದೇಶಕ್ಕೇ ಪರಿಚಿತ. ಈ ಭಾಗದ ಹಿರಿಯರಿಗೆ ಕಿರ್ಲೋಸ್ಕರ್ ಅಂದರೆ ನೌಕರಿ. ಆದರೆ ಆ ಹೆಸರೇ ಒಬ್ಬ ನೌಕರನ ಬಿಡುವಿನ ವ್ಯಾಪಾರದಿಂದ ಹುಟ್ಟಿದ್ದು! ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಮುಂಬೈಯ ವಿಕ್ಟೋರಿಯಾ ಜುಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟಿನಲ್ಲಿ ಮೇಷ್ಟರಾಗಿದ್ದರು. ಅಲ್ಲಿ ಸೈಕಲ್ ಕೊಂಡು ಬೆಳಗಾವಿಗೆ ಕಳಿಸುತ್ತಿದ್ದರು. ಊರಲ್ಲಿದ್ದ ಅಣ್ಣ ಮಾರುತ್ತಿದ್ದರು. ಆಗ ಒಂದು ಸೈಕಲ್ಲಿಗೆ 700ರಿಂದ 1,000 ರೂಪಾಯಿ, ಹತ್ತಿ ಓಡಿಸಲು ಕಲಿಸಿದ್ದಕ್ಕೆ ಬೇರೆ 15 ರೂಪಾಯಿ. ಕಿರ್ಲೋಸ್ಕರ್ ಬ್ರದರ್ಸ್ ತನ್ನ ಹುಟ್ಟಿದ ವರ್ಷ 1888 ಎನ್ನುತ್ತದೆ. ಲಕ್ಷ್ಮಣರಾವ್ ಕೆಲಸ ಬಿಟ್ಟಿದ್ದು ಆಮೇಲೆ, ತಮಗೆ ಬರಬೇಕಿದ್ದ ಬಡ್ತಿ ಒಬ್ಬ ಆಂಗ್ಲೋ ಇಂಡಿಯನ್ನನ ಪಾಲಾದಾಗ.

● ಬೆಳಗಾವಿಗೆ ಬಂದು ಅವರು ಮೇವು ಕತ್ತರಿಸುವ ಯಂತ್ರ ಮಾಡಿದರು, ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣ ತಾಗಿದರೆ ಭೂಮಿಗೆ ವಿಷ ಎಂದು ರೈತರು ಹತ್ತಿರವೂ ಬರಲಿಲ್ಲ. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು. ಸರಕು ಒಳ್ಳೆಯದಿದ್ದರೆ ತಾನಾಗೇ ಖರ್ಚಾಗುತ್ತದೆ ಎನ್ನುವವರು ಇದನ್ನು ಎರಡು ಸಲ ಓದಬಹುದು.

● ನಿರ್ಮಾ ಪುಡಿ ಗೊತ್ತು. ಅದನ್ನು ಮಾಡಿದವರು ಸರ್ಕಾರಿ ನೌಕರರೆಂದು? ಕರ್ಸನ್‌ಭಾಯಿ ಪಟೇಲ್ ಗುಜರಾತ್ ಸರ್ಕಾರದ ಗಣಿ ಮತ್ತು ಭೂವಿಜ್ಞಾನ ಇಲಾಖೆಯಲ್ಲಿ ಕೆಮಿಸ್ಟ್. 1969ರಲ್ಲಿ ಮನೆಯಲ್ಲೇ ಪುಡಿ ಕಲೆಸಿ, ಸೈಕಲ್ ಮೇಲೆ ಮನೆಮನೆಗೆ ಒಯ್ದು ಕಿಲೋಗೆ 3 ರೂಪಾಯಿಯಂತೆ ಮಾರಿದರು. ಕೆಲಸ ಬಿಡಲು ಸುಮಾರು ಮೂರು ವರ್ಷ ತೆಗೆದುಕೊಂಡರು.

● ಅದೇ ಧೈರ್ಯವನ್ನು ನಮ್ಮ ಸರ್ಕಾರಿ ನೌಕರರು ಮಾಡುವ ಮುಂಚೆ ಒಂದು ಮಾತು. ಕರ್ನಾಟಕದ ನಾಗರಿಕ ಸೇವಾ ನಡತೆ ನಿಯಮಗಳ ಪ್ರಕಾರ ಸರ್ಕಾರದ ಪೂರ್ವಾನುಮತಿ ಇಲ್ಲದೆ ನೌಕರರು ವ್ಯಾಪಾರ ನಡೆಸುವಂತಿಲ್ಲ. "ನನ್ನದಲ್ಲ ಸಾರ್, ಮನೆಯವರ ಹೆಸರಲ್ಲಿದೆ" ಎಂಬುದು ನಮ್ಮ ಕಡೆಯ ಹಳೇ ಉಪಾಯ. ಆದರೆ ಕುಟುಂಬದವರು ವ್ಯಾಪಾರದಲ್ಲಿದ್ದರೆ ಅದನ್ನೂ ಇಲಾಖೆಗೆ ತಿಳಿಸಬೇಕು. ಹೆಂಡತಿಯ ಅಂಗಡಿ ತಪ್ಪಲ್ಲ. ಮುಚ್ಚಿಟ್ಟರೆ ತಪ್ಪು.

● ಖಾಸಗಿ ಕಂಪನಿಗಳಲ್ಲಿ ಎಲ್ಲವೂ ನೇಮಕಾತಿ ಪತ್ರದ ಮೇಲೆ ನಿಂತಿದೆ. 2022ರ ಸೆಪ್ಟೆಂಬರಿನಲ್ಲಿ ವಿಪ್ರೋ, ಪ್ರತಿಸ್ಪರ್ಧಿ ಕಂಪನಿಗಳಿಗೂ ದುಡಿಯುತ್ತಿದ್ದ 300 ಮಂದಿಯನ್ನು ಮನೆಗೆ ಕಳಿಸಿತು. ಮರು ತಿಂಗಳೇ ಇನ್ಫೋಸಿಸ್, ಮ್ಯಾನೇಜರ್ ಒಪ್ಪಿಗೆ ಪಡೆದು ಹೊರಗಿನ ಸಣ್ಣಪುಟ್ಟ ಕೆಲಸ ಮಾಡಬಹುದು ಎಂದಿತು. ಸ್ವಿಗ್ಗಿಯಂತೂ ಆಗಸ್ಟಿನಲ್ಲೇ ಇಂಥದ್ದಕ್ಕೆ ನಿಯಮ ಮಾಡಿತ್ತು. ಮೂರೂ ಬೆಂಗಳೂರಿನ ಕಂಪನಿಗಳೇ. ಸಹಿ ಹಾಕಿದ ಪತ್ರವನ್ನು ಪೂರ್ತಿ ಓದಿದವರು ಎಷ್ಟು ಮಂದಿಯೋ.

● ಸ್ಟೀವ್ ವೋಜ್ನಿಯಾಕ್ ಓದಿದ್ದರು. ಮೊದಲ ಆ್ಯಪಲ್ ಕಂಪ್ಯೂಟರ್ ರೂಪಿಸುವಾಗ ಅವರು ಹ್ಯೂಲೆಟ್ ಪ್ಯಾಕರ್ಡ್ ನೌಕರ. ವಿನ್ಯಾಸವನ್ನು ಮೊದಲು ಮಾಲೀಕರಿಗೇ ತೋರಿಸಿದರು, ಅವರು ಬೇಡವೆಂದರು. 1976ರಲ್ಲಿ ಆ್ಯಪಲ್ ಶುರುವಾಯಿತು.

● ಹಬ್ಬಕ್ಕೆ ಕೊಟ್ಟೂರಿಗೋ ಹಡಗಲಿಗೋ ಬಸ್ ಸೀಟು ಸಿಗದೆ ಒದ್ದಾಡಿದ್ದೀರಾ? 2005ರ ದೀಪಾವಳಿಗೆ ಬೆಂಗಳೂರಿನಿಂದ ಊರಿಗೆ ಹೋಗಲಾಗದೆ ಉಳಿದವರು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಉದ್ಯೋಗಿ ಫಣೀಂದ್ರ ಸಾಮ. ಗೆಳೆಯರ ಜೊತೆ ಸೇರಿ, ಕೆಲಸದಲ್ಲಿದ್ದುಕೊಂಡೇ ರಜಾದಿನಗಳಲ್ಲಿ ಬರೆಯತೊಡಗಿದ ತಂತ್ರಾಂಶವೇ 2006ರ ರೆಡ್‌ಬಸ್.

● ಉಡುಪಿಯ ಡಾ. ಟಿ.ಎಂ.ಎ. ಪೈ ವೈದ್ಯರು. 1925ರಲ್ಲಿ ಉಪೇಂದ್ರ ಪೈ, ವಾಮನ ಕುಡ್ವ ಅವರ ಜೊತೆ 8,000 ರೂಪಾಯಿ ಬಂಡವಾಳದಲ್ಲಿ ಕಟ್ಟಿದ ಸಂಸ್ಥೆಯೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. ದಿನಕ್ಕೆ ಎರಡಾಣೆಯಿಂದ ಶುರುವಾದ ಅದರ ಪಿಗ್ಮಿ ಯೋಜನೆ 1928ರದು. ನಮ್ಮ ಪೇಟೆಗಳಲ್ಲಿ ಸಂಜೆ ಪಿಗ್ಮಿಯವರು ಅಂಗಡಿ ಬಾಗಿಲಿಗೆ ಬರುವ ರೂಢಿಯ ಬೇರು ಅಲ್ಲಿದೆ. ಸಂಬಳದಿಂದ ದಂಧೆಗೆ ದುಡ್ಡು ಕೂಡಿಸುವವರಿಗೆ ಇದಕ್ಕಿಂತ ಸರಳ ದಾರಿ ನನಗೆ ಕಂಡಿಲ್ಲ.

● ನೌಕರಿ ಬಿಟ್ಟು ಧುಮುಕುವವರು ಗೆಲ್ಲುತ್ತಾರೆಂಬುದು ಸಿನಿಮಾ ಮಾತು. ಅಮೆರಿಕದ ಸಂಶೋಧಕರಾದ ಜೋಸೆಫ್ ರಾಫಿ ಮತ್ತು ಜಿ ಫೆಂಗ್ 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕೆಲಸದಲ್ಲಿದ್ದುಕೊಂಡು ಶುರು ಮಾಡಿ ಆಮೇಲೆ ಪೂರ್ಣಾವಧಿಗೆ ಹೊರಳಿದವರು ದಂಧೆ ಕೈಬಿಡುವ ಸಂಭವ ಸುಮಾರು ಮೂರನೇ ಒಂದರಷ್ಟು ಕಡಿಮೆ.

● ರಜೆ ಕಡಿಮೆ ಇದ್ದವರಿಗೆ ನಮ್ಮ ಜಾತ್ರೆಗಳೇ ಪರೀಕ್ಷಾ ಕೇಂದ್ರ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಕಾರ್ಣಿಕ ಭರತ ಹುಣ್ಣಿಮೆಯ ಬೆನ್ನಿಗೆ, ಕೊಟ್ಟೂರೇಶ್ವರನ ತೇರು ಅದೇ ಮಾಘದ ಬಹುಳದಲ್ಲಿ. ಎರಡರ ನಡುವೆ ಹೆಚ್ಚುಕಡಿಮೆ ಒಂದು ವಾರ. ಮೈಲಾರದಲ್ಲಿ ಮಳಿಗೆ ಹಾಕಿ, ಏನು ಖರ್ಚಾಗಲಿಲ್ಲವೋ ಅದನ್ನು ತಿದ್ದಿಕೊಂಡು ಕೊಟ್ಟೂರಿಗೆ ಹೋಗಬಹುದು. ಅಲ್ಲಿ ಮಂಡಕ್ಕಿ ಮಿರ್ಚಿಯ ಜೊತೆ ಸ್ಪರ್ಧೆಗೆ ಮಾತ್ರ ಇಳಿಯಬೇಡಿ.

● ಹಡಗಲಿ ಮಲ್ಲಿಗೆಗೆ ಮೈಸೂರು, ಉಡುಪಿ ಮಲ್ಲಿಗೆಗಳಂತೆ ಭೌಗೋಳಿಕ ಸೂಚಿಕೆ ಇದೆ. 1999ರ ಕಾಯ್ದೆಯಡಿ ಆ ಹೆಸರನ್ನು ನೋಂದಾಯಿತ ಗುರುತಾಗಿ ಬಳಸುವ ಹಕ್ಕು ಅಧಿಕೃತ ಬಳಕೆದಾರರಾಗಿ ದಾಖಲಾದವರಿಗೆ. ಆನ್‌ಲೈನಿನಲ್ಲಿ ಹೂವು ಮಾರುವ ಆಸೆಯಿದ್ದರೆ ಡಬ್ಬಿಯ ಮೇಲಿನ ಚೀಟಿಗಿಂತ ಮೊದಲು ಈ ಕೆಲಸ.

● ವ್ಯಾಪಾರದಲ್ಲಿ ಕೈ ಸುಟ್ಟುಕೊಂಡರೆ ಆ ನಷ್ಟವನ್ನು ಸಂಬಳದ ಆದಾಯದಿಂದ ಕಳೆದು ತೆರಿಗೆ ಉಳಿಸಿಕೊಳ್ಳಲು ಆಗುವುದಿಲ್ಲ. ಗಡುವಿನೊಳಗೆ ರಿಟರ್ನ್ ಸಲ್ಲಿಸಿದರೆ ಎಂಟು ವರ್ಷದವರೆಗೆ ಮುಂದೊಯ್ದು, ವ್ಯಾಪಾರದ ಲಾಭದಲ್ಲೇ ಸರಿದೂಗಿಸಬಹುದು. ಸಂಬಳದವರ ರಿಟರ್ನ್ ನಮೂನೆ 1 ಇನ್ನು ನಿಮಗಲ್ಲ.

● 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟದ್ದು ನೆನಪಿದೆಯಲ್ಲ? ಸರಕಿಗೆ ವಾರ್ಷಿಕ ವಹಿವಾಟು 40 ಲಕ್ಷ, ಸೇವೆಗೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ. ಸಂಬಳ ಬೀಳುವ ಖಾತೆಗೇ ಅಂಗಡಿಯ ಸ್ಕ್ಯಾನರ್ ಜೋಡಿಸಿದವರು ಇವತ್ತೇ ಬೇರೆ ಮಾಡಿ.

● ಹರಪನಹಳ್ಳಿಯಲ್ಲಿ 1996ರಲ್ಲಿ ಗಿರಣಿ ಹಾಕಿದವರು ಬಳ್ಳಾರಿ ಜಿಲ್ಲೆಯವರು. 1997ರಲ್ಲಿ ದಾವಣಗೆರೆ, 2018ರಲ್ಲಿ ಮತ್ತೆ ಬಳ್ಳಾರಿ, 2021ರಿಂದ ವಿಜಯನಗರ. ಗಿರಣಿ ಮಾತ್ರ ಇದ್ದಲ್ಲೇ ಇದೆ. ಸಾಲ, ಸಬ್ಸಿಡಿಗೆ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಹೋಗುವವರು ಕಾಗದದಲ್ಲಿ ಜಿಲ್ಲೆಯ ಹೆಸರು ಯಾವುದಿದೆ ನೋಡಿಕೊಳ್ಳಿ.

● 2020ರ ಜುಲೈ 1ರಿಂದ ಜಾರಿಯಲ್ಲಿರುವ ಉದ್ಯಮ್ ನೋಂದಣಿಗೆ ಆಧಾರ್ ಜೊತೆ ಪ್ಯಾನ್ ಕೂಡ ಬೇಕು, ಆದರೆ ಸರ್ಕಾರಕ್ಕೆ ಒಂದು ಪೈಸೆಯೂ ಕಟ್ಟಬೇಕಿಲ್ಲ. ಬಸ್ ಸ್ಟ್ಯಾಂಡ್ ಎದುರಿನ ಕಂಪ್ಯೂಟರ್ ಅಂಗಡಿಯಲ್ಲಿ ಎಷ್ಟು ಕೇಳುತ್ತಾರೆ ಎಂಬುದು ಬೇರೆ ವಿಷಯ.