ಕೋವಿಯ ಉದ್ದ, ಗುರಿಯ ಲೆಕ್ಕ

ಕೊಡಗಿನ ಕೈಲ್ ಮುಹೂರ್ತದಂದು ಕೋವಿಗಳಿಗೆ ಪೂಜೆ ಸಲ್ಲುತ್ತದೆ. ಬಳಿಕ ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಗುರಿಗೆ ರೈಫಲ್ ಲೇಸೋ, ಪಿಸ್ತೂಲು ಲೇಸೋ? ನಾವು ಲೆಕ್ಕ ಹಾಕಿ ನೋಡೋಣ.

ಗುರಿ ಹಿಡಿಯಲು ಕೋವಿಯ ಮೇಲೆ ಹಿಂದೊಂದು, ಮುಂದೊಂದು ಗುರುತುಗಳಿರುತ್ತವೆ. ಇವುಗಳ ನಡುವಣ ಅಂತರ ಪಿಸ್ತೂಲಿನಲ್ಲಿ 15 ಸೆಂಟಿಮೀಟರ್, ರೈಫಲ್ಲಿನಲ್ಲಿ 60 ಎಂದಿಟ್ಟುಕೊಳ್ಳೋಣ. ಮುಂದಿನ ಗುರುತು 1 ಮಿಲಿಮೀಟರ್ ಸರಿದರೆ, 25 ಮೀಟರ್ ದೂರದಲ್ಲಿ ಪಿಸ್ತೂಲಿನ ಗುಂಡು ಸುಮಾರು 17 ಸೆಂಟಿಮೀಟರ್ ತಪ್ಪುತ್ತದೆ. ರೈಫಲ್ಲಿನದು ಕೇವಲ 4. ರೈಫಲ್ಲಿಗೆ ಭುಜದ ಆಸರೆಯೂ ಉಂಟು.

ಆದರೆ ತಪ್ಪಿದ ಗುಂಡು ಅಲ್ಲಿಗೇ ನಿಲ್ಲದು. ಚಿಕ್ಕದೆನಿಸುವ .22 ರೈಫಲ್ಲಿನ ಗುಂಡು ಸಹ ಒಂದೂವರೆ ಕಿಲೋಮೀಟರ್ ಹಾರಬಲ್ಲದು. ಆದುದರಿಂದ ಯಾವ ಕೋವಿಯನ್ನೇ ಆರಿಸಿದರೂ, ಗುರಿಯ ಆಚೆ ಏನಿದೆಯೆಂಬುದನ್ನು ನಾವು ಮೊದಲು ಅರಿತಿರಬೇಕು.