ನಂದಿಯ ನೆತ್ತಿಯಲ್ಲಿ ಮಾರಾಟಕ್ಕಿಲ್ಲದ ಮನೆ

ಮಧುರೆಯ ಶನಿಮಹಾತ್ಮನಿಗೆ ಎಳ್ಳೆಣ್ಣೆ ದೀಪ ಹಚ್ಚಿ, ದೊಡ್ಡಬಳ್ಳಾಪುರ ದಾಟಿ ನಂದಿ ಕಡೆ ಗಾಡಿ ತಿರುಗಿಸಿ ನೋಡಿ. ದಾರಿಯುದ್ದಕ್ಕೂ ಬೋರ್ಡುಗಳೇ ಬೋರ್ಡುಗಳು! ಸೈಟು ಮಾರಾಟಕ್ಕಿದೆ, ವಿಲ್ಲಾ ಮಾರಾಟಕ್ಕಿದೆ, ತೋಟದ ಮನೆ ಮಾರಾಟಕ್ಕಿದೆ. ಬೆಟ್ಟ ಕಾಣುವ ಕಿಟಕಿಗೇ ಬೇರೆ ರೇಟು. ಆದರೆ ಅದೇ ಬೆಟ್ಟದ ಮೇಲೆ, 1,478 ಮೀಟರ್ ಎತ್ತರದಲ್ಲಿ, ಎಂಥ ಸಾಹುಕಾರನೂ ದುಡ್ಡು ಸುರಿದು ಕೊಳ್ಳಲಾಗದ ಪುಟ್ಟ ಅತಿಥಿಗೃಹವೊಂದಿದೆ. ಸೂರ್ಯೋದಯದ ಸೆಲ್ಫಿಗೆಂದು ಓಡುವ ನಾವು ಅದರ ಮುಂದೆಯೇ ಎಷ್ಟು ಸಲ ಹಾದುಹೋಗಿದ್ದೇವೋ!

ಈಗ ಅದು ನೆಹರು ನಿಲಯ. ಮೊದಲು ಕಬ್ಬನ್ ಹೌಸ್. ಹೌದು, ಕಬ್ಬನ್ ಪಾರ್ಕಿನ ಅದೇ ಕಬ್ಬನ್! 1834ರಿಂದ 1861ರವರೆಗೆ ಕಮಿಷನರ್ ಆಗಿ ಮೈಸೂರು ಸಂಸ್ಥಾನವನ್ನು ಆಳಿದ ಮಾರ್ಕ್ ಕಬ್ಬನ್ ಬೇಸಿಗೆಯಲ್ಲಿ ಬಂದು ತಂಗುತ್ತಿದ್ದ ಬಂಗಲೆ. ಅದಕ್ಕೂ ನಾಲ್ಕು ದಶಕ ಹಿಂದಕ್ಕೆ ಹೋದರೆ, 1791ರ ಅಕ್ಟೋಬರಿನಲ್ಲಿ, ಇದೇ ಬಂಡೆಗಾಗಿ ಟಿಪ್ಪುವಿನ ಸೈನಿಕರಿಗೂ ಕಾರ್ನ್‌ವಾಲಿಸನ ಪಡೆಗೂ ಘೋರ ಕಾಳಗ. ಫಿರಂಗಿ ಗುಡುಗಿದ ಜಾಗದಲ್ಲೇ ಸಾಹೇಬರಿಗೆ ತಂಪು ಗಾಳಿ! ಆ ಸಾಹೇಬರಾದರೂ ಕೊನೆಗೆ ತಾಯ್ನಾಡು ಮುಟ್ಟಲಿಲ್ಲ. ಕೆಲಸ ಬಿಟ್ಟು ಹೊರಟವರು 1861ರಲ್ಲಿ ದಾರಿ ಮಧ್ಯೆ, ಸೂಯೆಜ್‌ನಲ್ಲಿ ತೀರಿಕೊಂಡರು.

ಇನ್ನು ಬೆರಗಿನ ಮೇಲೆ ಬೆರಗು. ಇದೇ ಬೆಟ್ಟದ ಇನ್ನೊಂದು ಮನೆಯ ಹೆಸರು ಗಾಂಧಿ ನಿಲಯ. 1927ರಲ್ಲಿ ಖಾದಿ ಪ್ರವಾಸದಲ್ಲಿದ್ದ ಗಾಂಧೀಜಿ ರಕ್ತದೊತ್ತಡ ಏರಿ ಕುಸಿದರು. ವಿಶ್ರಾಂತಿ ಬೇಕೇ ಬೇಕೆಂದು ವೈದ್ಯರು ಹಟ ಹಿಡಿದರು. ಮೈಸೂರು ಸಂಸ್ಥಾನದ ಅತಿಥಿಯಾಗಿ ಏಪ್ರಿಲ್‌ನಲ್ಲಿ ನಂದಿ ಹತ್ತಿದವರು ಇಳಿದದ್ದು ಜೂನ್‌ನಲ್ಲಿ. 1936ರ ಮೇ ತಿಂಗಳಲ್ಲಿ ಮತ್ತೆ ಬಂದರು. ಸಾಮ್ರಾಜ್ಯವನ್ನು ಕಾದವರಿಗೂ ಅದನ್ನು ಅಲುಗಿಸಿದವರಿಗೂ ಆಸರೆ ಕೊಟ್ಟದ್ದು ಒಂದೇ ಬೆಟ್ಟ! ಅಷ್ಟಕ್ಕೇ ಮುಗಿಯಲಿಲ್ಲ. 1961ರಲ್ಲಿ ರಾಣಿ ಎಲಿಜಬೆತ್ ಬಂದರು. 1986ರ ನವೆಂಬರಿನಲ್ಲಿ, ಬೆಂಗಳೂರಿನ ಸಾರ್ಕ್ ಶೃಂಗಸಭೆಯ ನಡುವೆ, ನೇಪಾಳ ಮತ್ತು ಭೂತಾನದ ದೊರೆಗಳು, ಶ್ರೀಲಂಕಾದ ಜಯವರ್ಧನೆ, ನಮ್ಮ ರಾಜೀವ್ ಗಾಂಧಿ ಇದೇ ಬೆಟ್ಟದ ತಿರುವುಗಳನ್ನು ಹತ್ತಿ ಬಂದರು.

ಮುಂಜಾನೆ ಬಂಗಲೆಯ ಬಳಿ ಒಂದು ಗಳಿಗೆ ಸುಮ್ಮನೆ ನಿಲ್ಲಿ. ಮಳೆಯೇ ಇಲ್ಲ, ಆದರೂ ನೀಲಗಿರಿ ಮರಗಳಿಂದ ಟಪಟಪ ಹನಿ! ಎಲೆಗೆ ತಾಗಿದ ಮಂಜೇ ನೀರಾಗಿ ಸುರಿಯುತ್ತಿರುತ್ತದೆ. ಎದುರಿನ ಕಟ್ಟೆ ಕಂಡಿತು ಅನ್ನುವಷ್ಟರಲ್ಲಿ ಮಾಯ. ಅದೇ ಮಂಜಿನೊಳಗಿಂದ ಕೋತಿಯೊಂದು ಕೈ ಚಾಚಿ ನಿಮ್ಮ ಬಿಸ್ಕತ್ತಿನ ಪೊಟ್ಟಣ ಕಿತ್ತುಕೊಂಡಿರುತ್ತದೆ. ಬೆಟ್ಟದ ಈ ನೀರು ಎಲ್ಲಿಗೆ ಹೋಗುತ್ತದೆ ಗೊತ್ತೇ? ಇಲ್ಲಿ ಹುಟ್ಟುವ ಅರ್ಕಾವತಿ ದೊಡ್ಡಬಳ್ಳಾಪುರದ ಮೇಲೆ ಹರಿದು ಹೆಸರಘಟ್ಟ ಸೇರುತ್ತದೆ, ಬೆಂಗಳೂರಿಗೆ ಮೊದಲು ಕೊಳಾಯಿ ನೀರು ಕೊಟ್ಟ ಅದೇ ಹೆಸರಘಟ್ಟ!

ಬೇರೆಡೆ ಎಷ್ಟೋ ಹಳೇ ಬಂಗಲೆಗಳು ಕೈಯಿಂದ ಕೈಗೆ ಮಾರಾಟವಾಗಿ ಶ್ರೀಮಂತರ ರೆಸಾರ್ಟ್‌ಗಳಾಗುತ್ತವೆ. ನೆಹರು ನಿಲಯ ಮಾತ್ರ ಸರ್ಕಾರದ್ದು, ಅಂದರೆ ನಮ್ಮದು. ವಾರಾಂತ್ಯದ ನೂಕುನುಗ್ಗಲು ಬಿಟ್ಟು ವಾರದ ನಡುವೆ ಹೋಗಿ, ಟಿಪ್ಪು ಡ್ರಾಪ್ ಎಂಬ ಕಡಿದಾದ ಬಂಡೆಯಂಚಿಗೆ ಓಡುವ ಮೊದಲು ಈ ಎರಡು ಮನೆಗಳನ್ನು ಕಣ್ತುಂಬ ನೋಡಿ. ಮಕ್ಕಳಿದ್ದರೆ ಕೈಹಿಡಿದು ಕರೆದೊಯ್ಯಿರಿ. ಪರೀಕ್ಷೆಗೆಂದು ಬಾಯಿಪಾಠ ಮಾಡಿದ ಹೆಸರುಗಳೆಲ್ಲ ಇಲ್ಲಿ ಒಂದೇ ಅಂಗಳಕ್ಕೆ ಬಂದುಹೋಗಿವೆ!