ಕಡಲಕಳೆಗೂ ಹಗಲಿನ ಲೆಕ್ಕವುಂಟು

ಬೆಳೆಗಳಿಗೆ ಸಿಂಪಡಿಸುವ ಕಡಲಕಳೆಯ ದ್ರಾವಣವನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ಕಡಲಕಳೆಯೂ ಒಂದು ಬೆಳೆಯೇ. ಅದಕ್ಕೂ ಬಿತ್ತನೆ ಮತ್ತು ಕೊಯ್ಲಿನ ಕಾಲಗಳಿವೆ. ಗಾಳಿಯಲ್ಲಿ ಇಂಗಾಲಾಮ್ಲ ಅನಿಲ ಹೆಚ್ಚಿ ಸಮುದ್ರದ ನೀರು ಮಾರ್ಪಡುತ್ತಿರುವ ಈ ಕಾಲದಲ್ಲಿ ಆ ಬೆಳೆಗೆ ಲಾಭವೋ ನಷ್ಟವೋ? ಜಪಾನಿನಲ್ಲಿ ಆಹಾರಕ್ಕಾಗಿ ಬೆಳೆಯುವ ‘ನೋರಿ’ ಎಂಬ ಕಡಲಕಳೆಯ ಉದಾಹರಣೆಯಿಂದ ಇದನ್ನು ತಿಳಿಯೋಣ.

ಹಗಲಿನ ಅವಧಿ

ನಾಟಿ ಅವರೆಯನ್ನು ಎಷ್ಟು ಮುಂಚೆ ಬಿತ್ತಿದರೂ ಹಗಲು ಕಿರಿದಾಗುವವರೆಗೆ ಅದು ಹೂ ಬಿಡುವುದಿಲ್ಲ. ಸೇವಂತಿಗೆ ತೋಟದಲ್ಲಿ ರಾತ್ರಿ ದೀಪ ಉರಿಸಿ ಹೂವನ್ನು ತಡಮಾಡುವುದೂ ಇದೇ ಕಾರಣದಿಂದ. ನೋರಿಯ ಸ್ವಭಾವವೂ ಇಂಥದೇ. ಬೇಸಿಗೆಯಲ್ಲಿ ಅದು ಚಿಪ್ಪುಗಳೊಳಗೆ ಸೂಕ್ಷ್ಮ ಎಳೆಗಳಾಗಿ ಅಡಗಿರುತ್ತದೆ. ಇದನ್ನು 1949ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಕ್ಯಾಥ್ಲೀನ್ ಡ್ರೂ ಪ್ರಕಟಿಸುವವರೆಗೆ ಬೀಜ ಎಲ್ಲಿಂದ ಬರುತ್ತದೆಂದು ಬೆಳೆಗಾರರಿಗೆ ತಿಳಿದಿರಲಿಲ್ಲ. ಹಗಲು ಕಿರಿದಾಗಿ ನೀರು ತಂಪಾದಾಗ ಈ ಎಳೆಗಳು ಬೀಜಕಣಗಳನ್ನು ಬಿಡುತ್ತವೆ. ಅವು ಬಲೆಗಳಿಗೆ ಅಂಟಿ, ಚಳಿಗಾಲದಲ್ಲಿ ಎಲೆಯಾಗಿ ಬೆಳೆಯುತ್ತವೆ.

ನೀರಿನ ರಸಸಾರ

ಮಣ್ಣು ಪರೀಕ್ಷೆಯ ವರದಿಯಲ್ಲಿ ರಸಸಾರವನ್ನು ನೀವು ನೋಡಿರುತ್ತೀರಿ. ಕೈಗಾರಿಕಾ ಯುಗಕ್ಕೆ ಮೊದಲು ಸಮುದ್ರದ ಮೇಲ್ಪದರದ ರಸಸಾರ ಸುಮಾರು 8.2 ಇತ್ತು, ಈಗ ಸುಮಾರು 8.1 ಆಗಿದೆ. ಇಳಿಕೆ ಅಲ್ಪವೆಂದು ತೋರಿದರೂ ಆಮ್ಲತೆ ಶೇಕಡಾ 25ರಿಂದ 30ರಷ್ಟು ಏರಿದೆ ಎಂದು ಇದರ ಅರ್ಥ. ನೀರು ಹುಳಿಯಾಗಿಲ್ಲ, ಅದರ ಕ್ಷಾರಗುಣ ತಗ್ಗಿದೆ. ಮನುಷ್ಯರು ಹೊರಬಿಡುವ ಇಂಗಾಲಾಮ್ಲದಲ್ಲಿ ಸುಮಾರು ಕಾಲು ಭಾಗವನ್ನು ಸಮುದ್ರ ಹೀರಿಕೊಳ್ಳುವುದೇ ಇದಕ್ಕೆ ಕಾರಣ.

ಸುಣ್ಣದ ಕವಚ ಕಟ್ಟಿಕೊಳ್ಳುವ ಪಾಚಿಗಳಿಗೂ ಚಿಪ್ಪಿನ ಜೀವಿಗಳಿಗೂ ಇದು ತೊಂದರೆ. ಇತರ ಕಡಲಕಳೆಗಳಲ್ಲಿ ಹೆಚ್ಚಿನವು ನೀರಿನಲ್ಲಿ ಹೇರಳವಾಗಿರುವ ಬೈಕಾರ್ಬೊನೇಟನ್ನೇ ಬಳಸಿಕೊಳ್ಳಬಲ್ಲವಾದ್ದರಿಂದ ಅವುಗಳಿಗೆ ದೊರೆಯುವ ಲಾಭ ಕಡಿಮೆ. ನೋರಿಯ ಎಲೆ ಹೆಚ್ಚು ಇಂಗಾಲಾಮ್ಲವಿರುವ ನೀರಿನಲ್ಲಿ ಬೇಗ ಬೆಳೆದದ್ದು ಪ್ರಯೋಗಗಳಲ್ಲಿ ಕಂಡಿದೆ. ಆದರೆ ಈ ಲಾಭ ಬೆಳಕಿರುವಷ್ಟು ಹೊತ್ತು ಮಾತ್ರ. ಹಗಲಿನಲ್ಲಿ ಕಳೆ ಇಂಗಾಲವನ್ನು ಹೀರಿ ಸುತ್ತಲಿನ ನೀರಿನ ರಸಸಾರವನ್ನು ಏರಿಸುತ್ತದೆ. ರಾತ್ರಿ ಉಸಿರಾಟದಿಂದ ಇಳಿಸುತ್ತದೆ. ಬೆಳಕೂ ಸಾರಜನಕವೂ ಸಾಲದೆ ಇಂಗಾಲಾಮ್ಲ ಒಂದೇ ಹೆಚ್ಚಿದರೆ, ತೇವವಿಲ್ಲದ ಹೊಲಕ್ಕೆ ಯೂರಿಯಾ ಎರಚಿದಂತೆ.

ನಿಜವಾದ ಅಪಾಯ

ನೋರಿಯ ಬೀಜ ಬಲೆಗಳನ್ನು ಸಮುದ್ರಕ್ಕೆ ಇಳಿಸಲು ನೀರಿನ ಉಷ್ಣತೆ ಸುಮಾರು 23 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯಬೇಕು. ಇಂಗಾಲಾಮ್ಲ ಹೆಚ್ಚಿ ಭೂಮಿ ಬಿಸಿಯಾದಂತೆ ಶರತ್ಕಾಲದ ನೀರು ತಣಿಯುವುದು ತಡವಾಗುತ್ತಿದೆ. ಹಗಲು ಮಾತ್ರ ಪಂಚಾಂಗದಂತೆ ತಪ್ಪದೆ ಕಿರಿದಾಗುತ್ತದೆ. ಬೆಳೆಗೆ ಹಗಲು ಕರೆಕೊಟ್ಟರೂ ನೀರು ಸಿದ್ಧವಿರುವುದಿಲ್ಲ. ಬಿತ್ತನೆ ಹಿಂದೆ ಬಿದ್ದಷ್ಟೂ ಕೊಯ್ಲಿಗೆ ದೊರೆಯುವ ದಿನಗಳು ಕಡಿಮೆ. ನೀರು ಕೊಡುವ ಇಂಗಾಲದ ಲಾಭವನ್ನು ನೀರಿನ ಶಾಖವೇ ಕಸಿದುಕೊಳ್ಳಬಹುದು.

ನಮ್ಮ ಕರಾವಳಿಯಲ್ಲಿ ಯಾವುದೇ ಕಡಲಕಳೆ ಬೆಳೆಯಲು ಬಯಸುವವರು ಇದರಿಂದ ಕಲಿಯಬೇಕಾದುದಿದೆ. ರಸಸಾರವೊಂದನ್ನೇ ನೋಡಿ ಜಾಗ ಆರಿಸಬೇಡಿ. ಮಳೆಗಾಲದಲ್ಲಿ ಹೊಳೆಗಳ ನೀರು ಸೇರಿ ಉಪ್ಪಿನ ಅಂಶ ಇಳಿಯುವುದರಿಂದ, ಒಂದು ವರ್ಷ ಪೂರ್ತಿ ನೀರಿನ ಉಷ್ಣತೆಯನ್ನೂ ಉಪ್ಪಿನ ಅಂಶವನ್ನೂ ಬರೆದಿಟ್ಟುಕೊಳ್ಳಿ. ಬಿತ್ತನೆಯ ಕಾಲವನ್ನು ಆ ಪುಸ್ತಕ ನೋಡಿ ನಿರ್ಧರಿಸಿರಿ.